ಇಬ್ಬರು ರಾಮಸ್ವಾಮಿಗಳು, ಒಂದು ಸರ್ಕಲ್ಲು

ಮೈಸೂರಲ್ಲಿ ಓದಿದವರಿಗೆ ರಾಮಸ್ವಾಮಿ ಸರ್ಕಲ್ ಗೊತ್ತಿಲ್ಲ ಅಂದ್ರೆ ನಂಬೋದು ಕಷ್ಟ. ಚಾಮರಾಜ ಜೋಡಿ ರಸ್ತೆಯಲ್ಲಿ ಹೋಗೋ ಪ್ರತಿಯೊಬ್ಬರೂ ಅಲ್ಲಿ ಸಿಗ್ನಲ್‌ಗೆ ನಿಂತಿರ್ತಾರೆ. ಈ ಎಪಿಸೋಡ್ ಮಾಡೋಕೆ ಮುಂಚೆ ನಮ್ಮ ಫ್ರೆಂಡ್ಸ್ ಗ್ರೂಪಲ್ಲಿ ಒಂದು ಪ್ರಶ್ನೆ ಹಾಕಿದೆ: ಆ ರಾಮಸ್ವಾಮಿ ಯಾರು? ಒಬ್ಬ "ದಿವಾನರು ಇರಬೇಕು" ಅಂದ. ಇನ್ನೊಬ್ಬಳು "ಪೆರಿಯಾರ್ ಅಲ್ವಾ?" ಅಂದ್ಲು. ಮೂರನೆಯವನು "ಅಲ್ಲಿ ಬಸ್ ಸಿಗುತ್ತೆ, ಅಷ್ಟು ಸಾಕು" ಅಂದ.

ರಾಮಸ್ವಾಮಿ ಒಬ್ಬ ವಿದ್ಯಾರ್ಥಿ. 1947ರ ಸೆಪ್ಟೆಂಬರ್‌ನಲ್ಲಿ ಗುಂಡೇಟು ತಿಂದು ಸತ್ತ ಹುಡುಗ. ವರ್ಷವನ್ನ ಇನ್ನೊಂದು ಸಲ ಕೇಳಿಸಿಕೊಳ್ಳಿ. 1942 ಅಲ್ಲ, ಬ್ರಿಟಿಷರ ಕಾಲವೂ ಅಲ್ಲ. ಆಗಸ್ಟ್ 15 ಮುಗಿದು, ದೆಹಲಿಯಲ್ಲಿ ನಮ್ಮದೇ ಸರ್ಕಾರ ಬಂದು, ಸುಮಾರು ಒಂದು ತಿಂಗಳಾದ ಮೇಲೆ. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದಿತ್ತು, ಮೈಸೂರಿಗೆ ಮಾತ್ರ ಅರ್ಧ ಬಂದಿತ್ತು.

ಇದು ಹೇಗೆ ಅಂದ್ರೆ, ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ 1947ರ ಆಗಸ್ಟ್ 9ರಂದು ಭಾರತದ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು. ಹೈದರಾಬಾದಿನ ನಿಜಾಮರ ಥರ ಸತಾಯಿಸಲಿಲ್ಲ, ಆ ಕ್ರೆಡಿಟ್ ಅವರಿಗೆ ಸಲ್ಲಬೇಕು. ಆದರೆ ಸಂಸ್ಥಾನದ ಒಳಗೆ ಆಡಳಿತ ಯಾರದು ಅನ್ನೋ ಪ್ರಶ್ನೆ ಹಾಗೇ ಉಳೀತು. ಜನ ಆರಿಸಿದವರಿಗೆ ಉತ್ತರ ಕೊಡುವ ಸರ್ಕಾರ, ಆ ಕಾಲದ ಮಾತಿನಲ್ಲಿ ಜವಾಬ್ದಾರಿ ಸರ್ಕಾರ, ಇನ್ನೂ ಘೋಷಣೆ ಆಗಿರಲಿಲ್ಲ. ಅಧಿಕಾರ ದಿವಾನರ ಕೈಯಲ್ಲೇ ಇತ್ತು. ಮೈಸೂರು ಕಾಂಗ್ರೆಸ್ "ಮೈಸೂರು ಚಲೋ" ಅಂತ ಕರೆ ಕೊಟ್ಟಿತು. ಸೆಪ್ಟೆಂಬರ್ ಶುರುವಾಗ್ತಿದ್ದ ಹಾಗೆ ಚಳವಳಿಯೂ ಶುರು. ಅರಮನೆಯ ಮುಂದೆ ಸತ್ಯಾಗ್ರಹ, ಊರೂರಿಂದ ಜಾಥಾ, ಕಾಲೇಜು ಖಾಲಿ, ಕೆ.ಸಿ. ರೆಡ್ಡಿ ಮತ್ತು ಉಳಿದ ನಾಯಕರು ಜೈಲಿಗೆ.

ಆಗಿನ ದಿವಾನರ ಹೆಸರೇನು ಗೊತ್ತಾ? ಸರ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಅಂದ್ರೆ ನನ್ನ ಫ್ರೆಂಡ್ ಹೇಳಿದ್ದು ಪೂರ್ತಿ ಗಾಳಿಮಾತಲ್ಲ. ಆ ಸೆಪ್ಟೆಂಬರ್‌ನಲ್ಲಿ ಮೈಸೂರಿನ ಬೀದಿಗೆ ಸಂಬಂಧಪಟ್ಟ ರಾಮಸ್ವಾಮಿಗಳು ಇಬ್ಬರು. ಒಬ್ಬರು ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮೊದಲ ಅಧ್ಯಕ್ಷರಾಗಿದ್ದವರು, ಮದರಾಸಿನ ಜಸ್ಟಿಸ್ ಪಕ್ಷದ ದೊಡ್ಡ ತಲೆ. ಇನ್ನೊಬ್ಬ, ಚರಿತ್ರೆಯ ಪುಸ್ತಕದಲ್ಲಿ ಒಂದು ಸಾಲು ಸಿಕ್ಕಿದರೆ ಪುಣ್ಯ ಅನ್ನೋ ವಿದ್ಯಾರ್ಥಿ. ಸರ್ಕಲ್ಲು ಸಿಕ್ಕಿದ್ದು ಹುಡುಗನಿಗೆ. ಈ ಒಂದು ವಿಷಯದಲ್ಲಿ ನಮ್ಮೂರಿನ ಮೇಲೆ ನನಗೆ ಹೆಮ್ಮೆ ಇದೆ.

ಈಗ ಈ ಎಪಿಸೋಡಿನ ಮುಖ್ಯ ವಿಷಯಕ್ಕೆ ಬರ್ತೀನಿ. ಆ ಚಳವಳಿಯ ಒಂದು ಘೋಷಣೆ ಹಳಬರಿಗೆಲ್ಲ ಬಾಯಿಪಾಠ. "ಆರ್ಕಾಟ್ ಬಾಯ್ಕಾಟ್, ತಂಬೂಚೆಟ್ಟಿ ಚಟ್ಟ ಕಟ್ಟಿ." ತಂಬೂಚೆಟ್ಟಿ ಅಂದ್ರೆ ಮಹಾರಾಜರಿಗೆ ಹತ್ತಿರವಿದ್ದ ಅರಮನೆಯ ಅಧಿಕಾರಿ. ಜೋರಾಗಿ ಒಂದು ಸಲ ಹೇಳಿ ನೋಡಿ. ಎಷ್ಟು ಚೆನ್ನಾಗಿದೆ ಅಲ್ವಾ! ಪ್ರಾಸ ಇದೆ, ತಾಳ ಇದೆ, ಹತ್ತು ಜನ ಕೂಗಿದರೆ ನೂರು ಜನರ ಥರ ಕೇಳುತ್ತೆ. ಇವತ್ತಾಗಿದ್ದರೆ ಅರ್ಧ ಗಂಟೆಯಲ್ಲಿ ರೀಲ್ಸ್ ಆಗಿರ್ತಿತ್ತು.

ಆದರೆ ಚಟ್ಟ ಅಂದ್ರೆ ಏನು? ಹೆಣ ಹೊರೋಕೆ ಬಿದಿರು ಸೇರಿಸಿ ಕಟ್ಟೋದು. ಗಾಂಧೀಜಿ ಹೆಸರು ಹೇಳಿಕೊಂಡು, ಅಹಿಂಸೆ ಅಂತ ನಡೀತಿದ್ದ ಚಳವಳಿಯ ಬಾಯಲ್ಲಿ ಒಬ್ಬ ಬದುಕಿರೋ ಮನುಷ್ಯನ ಚಟ್ಟ! ನಾನಿದನ್ನ ಹೇಳ್ತಿರೋದು "ಎರಡೂ ಕಡೆಯವರು ಒಂದೇ" ಅನ್ನೋಕಲ್ಲ. ಖಂಡಿತ ಅಲ್ಲ. ಒಂದು ಕಡೆ ಘೋಷಣೆ ಇತ್ತು, ಇನ್ನೊಂದು ಕಡೆ ಬಂದೂಕು ಇತ್ತು. ಕೂಗಿದವರಲ್ಲಿ ಒಬ್ಬ ಸತ್ತ, ಯಾರ ಚಟ್ಟ ಕಟ್ಟಿ ಅಂತ ಕೂಗಿದರೋ ಅವರು ಮನೆಯಲ್ಲಿ ಆರಾಮಾಗಿದ್ದರು. ಈ ವ್ಯತ್ಯಾಸ ಮರೆತರೆ ಚರಿತ್ರೆ ಓದಿ ಪ್ರಯೋಜನ ಇಲ್ಲ. ಆದರೂ ಆ ಪ್ರಾಸ ನನಗೆ ಕಿರಿಕಿರಿ ಮಾಡುತ್ತೆ. ಎದುರಿಗಿರೋ ಮನುಷ್ಯ ಪ್ರಾಸಕ್ಕೆ ಸಿಕ್ಕಿಬಿಟ್ಟರೆ, ಅವನ ಸಾವು ಜೋಕ್ ಆಗೋಕೆ ಜಾಸ್ತಿ ಹೊತ್ತು ಬೇಕಿಲ್ಲ.

ಇಷ್ಟಕ್ಕೂ ಈ ಒಡಕು 1947ರದ್ದಲ್ಲ. ಮೈಸೂರು "ಮಾದರಿ ಸಂಸ್ಥಾನ" ಅಂತ ನಾವೆಲ್ಲ ಕಾಲರ್ ಎತ್ತಿಕೊಂಡು ಹೇಳ್ತೀವಿ. ಕನ್ನಂಬಾಡಿ ಕಟ್ಟೆ, ಯೂನಿವರ್ಸಿಟಿ, ವಿದ್ಯುತ್ ದೀಪ, ಎಲ್ಲ ಸರಿ. ಆದರೆ ಸರ್ಕಾರಿ ಕೆಲಸ ಮಾತ್ರ ಹೆಚ್ಚಾಗಿ ಬ್ರಾಹ್ಮಣರ ಪಾಲಾಗಿತ್ತು. 1917ರಲ್ಲಿ ಬ್ರಾಹ್ಮಣೇತರ ನಾಯಕರು ಪ್ರಜಾಮಿತ್ರ ಮಂಡಳಿ ಕಟ್ಟಿದರು, ಮರುವರ್ಷ ಮಿಲ್ಲರ್ ಸಮಿತಿ ಬಂತು, ಮೀಸಲಾತಿಯ ಮಾತು ಬಂತು. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟಿದ್ದಕ್ಕೂ ಇದಕ್ಕೂ ನಂಟಿದೆ. ಆಗ ಊರು ಎರಡು ಭಾಗ. ಕಾಂಗ್ರೆಸ್ ಅಂದ್ರೆ ಬ್ರಾಹ್ಮಣರ ಪಕ್ಷ ಅಂತ ಇವರು, ಅರಮನೆಯ ನೆರಳಲ್ಲಿ ಬದುಕೋರು ಅಂತ ಅವರು. ಎರಡು ದಶಕ ಇದೇ ಜಗಳ. ಆಮೇಲೆ 1937ರಲ್ಲಿ ಇದೇ ಬ್ರಾಹ್ಮಣೇತರರ ಪ್ರಜಾಸಂಯುಕ್ತ ಪಕ್ಷ ಕಾಂಗ್ರೆಸ್ ಜೊತೆ ಸೇರಿಹೋಯ್ತು! 1947ರಲ್ಲಿ ಜೈಲಿಗೆ ಹೋದರಲ್ಲ ಕೆ.ಸಿ. ರೆಡ್ಡಿ, ಅವರು ಬಂದಿದ್ದು ಆ ಕಡೆಯಿಂದಲೇ. "ಅವರೂ ನಾವೂ ಎಂದಿಗೂ ಸೇರಲ್ಲ" ಅಂತ ಯಾರಾದರೂ ಟಿವಿಯಲ್ಲಿ ಮೇಜು ಗುದ್ದಿದಾಗ ನನಗೆ 1937 ನೆನಪಾಗುತ್ತೆ.

ಸೇರಿದ ಮರುವರ್ಷವೇ ಬಾವುಟದ ಗಲಾಟೆ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ಆಯ್ತು. ಅದೇ ತಿಂಗಳು 25ಕ್ಕೆ ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಕರ್ನಾಟಕದ ಜಲಿಯನ್‌ವಾಲಾ ಬಾಗ್ ಅಂತ ಶಾಲೆಯಲ್ಲಿ ಓದಿರ್ತೀರಿ. ಎಷ್ಟು ಜನ ಸತ್ತರು? ಸರ್ಕಾರದ ಲೆಕ್ಕ 10. ಜನರ ಲೆಕ್ಕ 30ಕ್ಕೂ ಹೆಚ್ಚು.

ನಾನು ಬಿ.ಕಾಂ. ಮಾಡಿದವನು, ಇತಿಹಾಸದ ಕ್ಲಾಸಲ್ಲಿ ಕೂತವನಲ್ಲ. ನಮಗೆ ಒಂದು ಚಾಳಿ. ಎರಡು ಪುಸ್ತಕದ ಮೊತ್ತ ತಾಳೆ ಆಗದಿದ್ದರೆ ರಾತ್ರಿ ನಿದ್ದೆ ಬರಲ್ಲ. ಹತ್ತು ರೂಪಾಯಿ ವ್ಯತ್ಯಾಸಕ್ಕೆ ವೋಚರ್ ಮೇಲೆ ವೋಚರ್ ತೆಗೆದು ಕೂರ್ತೀವಿ. ಇಲ್ಲಿ ವ್ಯತ್ಯಾಸ ಇಪ್ಪತ್ತು ಚಿಲ್ಲರೆ ಜೀವ. ಒಬ್ಬೊಬ್ಬರಿಗೂ ಒಂದು ಹೆಸರು, ಮನೆ, ಅವತ್ತು ರಾತ್ರಿ ಕಾಯ್ತಾ ಕೂತ ಯಾರೋ ಒಬ್ಬರು ಇದ್ದಿರಬೇಕು. ನ್ಯಾಯಮೂರ್ತಿ ವೇಪ ರಾಮೇಶಂ ಅವರ ವಿಚಾರಣಾ ಸಮಿತಿ ಕೂತ ಮೇಲೂ ಎರಡು ಪುಸ್ತಕ ಎರಡಾಗಿಯೇ ಉಳಿದವು.

ಗಮನಿಸಬೇಕಾದ್ದು, ಆ ಜಗಳ ಮುಗಿದ ರೀತಿ. ವಲ್ಲಭಭಾಯಿ ಪಟೇಲರೂ ಕೃಪಲಾನಿಯವರೂ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿದರು. ಸರ್ಕಾರ ಮೈಸೂರು ಕಾಂಗ್ರೆಸ್ಸನ್ನು ಮಾನ್ಯ ಮಾಡಿತು. ಬಾವುಟದ ವಿಷಯಕ್ಕೆ ಪರಿಹಾರ ಏನು ಅಂದ್ರೆ, ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು. ಅಷ್ಟೇ ಕಣ್ರೀ! ಎರಡು ಕಂಬ, ಎರಡು ಬಟ್ಟೆ. ಇದನ್ನ ಏಪ್ರಿಲ್ 24ಕ್ಕೆ ಮಾಡಿದ್ದರೆ?

ಮಾತಿನ ಮೇಲಿನ ಕಟ್ಟುಪಾಡೂ ಈ ಊರಿಗೆ ಹೊಸದಲ್ಲ. 1908ರಲ್ಲೇ ಸಂಸ್ಥಾನ ಪತ್ರಿಕೆಗಳನ್ನ ಹಿಡಿತದಲ್ಲಿಡೋಕೆ ಒಂದು ಕಾನೂನು ತಂದಿತು. ಮರಿಮಲ್ಲಪ್ಪ ಶಾಲೆಯ ಹೆಡ್‌ಮಾಸ್ಟರಾಗಿದ್ದ ಎಂ. ವೆಂಕಟಕೃಷ್ಣಯ್ಯನವರು, ನಮ್ಮೂರ ತಾತಯ್ಯ, ಅದನ್ನ ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. 1947ರಲ್ಲಿ ಎಚ್.ಎಸ್. ದೊರೆಸ್ವಾಮಿಯವರು ಬೇರೆ ದಾರಿ ಹಿಡಿದರು. "ಪೌರವಾಣಿ"ಯನ್ನ ಇಲ್ಲಿ ಅಚ್ಚು ಹಾಕೋಕೆ ಬಿಡದಿದ್ದಾಗ ಗಡಿ ದಾಟಿ ಹಿಂದೂಪುರದಿಂದ ತಂದರು. ಒಂದು ಥರದ ವಿಪಿಎನ್ ಅನ್ನಿ. ಬಾಯಿ ಮುಚ್ಚಿಸಿದರೆ ಮಾತು ಸಾಯಲ್ಲ, ಪಕ್ಕದ ಊರಿಂದ ಇನ್ನೂ ಖಾರವಾಗಿ ಬರುತ್ತೆ.

ಮತ್ತೆ ರಾಮಸ್ವಾಮಿ ಹತ್ತಿರ ಬರೋಣ. ಅವನು ಸತ್ತ ಮೇಲೆ ಏನಾಯ್ತು? ಊರು ಕುದಿಯಿತು. ಅಕ್ಟೋಬರ್‌ನಲ್ಲಿ ಅರಮನೆ ಒಪ್ಪಂದಕ್ಕೆ ಬಂತು. ಅಕ್ಟೋಬರ್ 25ಕ್ಕೆ ಕೆ.ಸಿ. ರೆಡ್ಡಿ ಸರ್ಕಾರ. ಇಷ್ಟು ಎಲ್ಲ ಸ್ಪರ್ಧಾತ್ಮಕ ಪರೀಕ್ಷೆ ಪುಸ್ತಕದಲ್ಲೂ ಇದೆ. ಆದರೆ ಅದರ ಮುಂದಿನ ಎಂಟ್ರಿ ನೋಡಿ. ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಊರು ಬಿಟ್ಟು ಓಡಿದರಾ? ಇಲ್ಲ. 1949ರವರೆಗೂ ದಿವಾನರಾಗಿಯೇ ಇದ್ದರು, "ಆರ್ಕಾಟ್ ಬಾಯ್ಕಾಟ್" ಅಂತ ಕೂಗಿಸಿದ ಪಕ್ಷದ ಮಂತ್ರಿಗಳು ಅಧಿಕಾರ ನಡೆಸುತ್ತಿದ್ದಾಗಲೇ. ಮಹಾರಾಜರು 1950ರಲ್ಲಿ ರಾಜಪ್ರಮುಖರಾದರು, 1956ರಲ್ಲಿ ರಾಜ್ಯಪಾಲರಾದರು. ದಸರೆ ನಿಲ್ಲಲಿಲ್ಲ. ಮೇಲಿನವರೆಲ್ಲ ಒಂದು ಟೇಬಲ್ಲಿಗೆ ಬಂದು ಕಾಫಿ ಕುಡಿಯೋಕೆ ಕೆಲವೇ ವಾರ ಸಾಕಾಯ್ತು. ನನಗೆ ಇದು ಒಳ್ಳೆಯದೂ ಅನ್ನಿಸುತ್ತೆ, ಸಿಟ್ಟೂ ಬರಿಸುತ್ತೆ. ಒಳ್ಳೆಯದು ಯಾಕೆ ಅಂದ್ರೆ ರಕ್ತ ಅಲ್ಲಿಗೆ ನಿಂತಿತು. ಸಿಟ್ಟು ಯಾಕೆ ಅಂದ್ರೆ, ಅಷ್ಟು ಸಲೀಸಾಗಿ ಆಗೋ ರಾಜಿ ಆ ಹುಡುಗ ಬದುಕಿರುವಾಗಲೇ ಆಗಬಹುದಿತ್ತಲ್ವಾ? ಎಲ್ಲರ ಖಾತೆಗೂ ಏನಾದರೊಂದು ಜಮಾ ಆಯ್ತು. ಖರ್ಚು ಬಿದ್ದಿದ್ದು ಒಂದು ಮನೆಯ ಮೇಲೆ.

ಈಗಿನ ಕಾಲಕ್ಕೆ ಬಂದರೆ, ಕೆಲವನ್ನ ಬೇಗ ಬೇಗ ಹೇಳಿಬಿಡ್ತೀನಿ, ಎಲ್ಲ ನಿಮ್ಮ ಕಣ್ಣೆದುರೇ ಆಗಿರೋದು. ಯು.ಆರ್. ಅನಂತಮೂರ್ತಿ ಮಹಾರಾಜ ಕಾಲೇಜಲ್ಲಿ ಓದಿ, ಇದೇ ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು. 2014ರ ಆಗಸ್ಟ್ 22ಕ್ಕೆ ಅವರು ತೀರಿಕೊಂಡಾಗ ರಾಜ್ಯದ ಕೆಲವು ಕಡೆ ಪಟಾಕಿ ಹೊಡೆದರು. 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ಕ್ಕೆ ಬೆಂಗಳೂರಲ್ಲಿ ಗೌರಿ ಲಂಕೇಶ್, ಇಬ್ಬರನ್ನೂ ಅವರವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಗೌರಿ ಸತ್ತ ರಾತ್ರಿಯೇ ಸಂಭ್ರಮದ ಪೋಸ್ಟುಗಳು ಬಂದವು. ಇವುಗಳ ಮಧ್ಯೆ, 2016ರ ಅಕ್ಟೋಬರ್‌ನಲ್ಲಿ ಆರೆಸ್ಸೆಸ್ ಕಾರ್ಯಕರ್ತ ರುದ್ರೇಶ್ ಅವರನ್ನ ಬೆಂಗಳೂರಿನ ಶಿವಾಜಿನಗರದಲ್ಲಿ ಹಾಡಹಗಲೇ ಕೊಚ್ಚಿ ಕೊಂದರು. ಗೌರಿ ಬಗ್ಗೆ ಮಾತಾಡಿದರೆ "ರುದ್ರೇಶ್ ಸತ್ತಾಗ ಎಲ್ಲಿದ್ದೆ?" ಅಂತಾರೆ. ರುದ್ರೇಶ್ ಬಗ್ಗೆ ಮಾತಾಡಿದರೆ "ಗೌರಿ ಬಗ್ಗೆ ಯಾಕೆ ಸುಮ್ಮನಿದ್ದೆ?" ಅಂತಾರೆ. ನನ್ನ ಕಾಮೆಂಟ್ ಬಾಕ್ಸಲ್ಲಿ ಎರಡೂ ಇವೆ, ಒಂದೇ ದಿನದ್ದು. ಎರಡು ಪ್ರಶ್ನೆಯೂ ನ್ಯಾಯವಾದದ್ದೇ. ಆದರೆ ಕೇಳೋರಿಗೆ ಉತ್ತರ ಬೇಕಿಲ್ಲ.

ಇದರಲ್ಲಿ ನನ್ನನ್ನ ಬಿಡದೆ ಕಾಡೋದು 2022ರ ಜುಲೈ. ದಕ್ಷಿಣ ಕನ್ನಡದಲ್ಲಿ ಹತ್ತು ದಿನದ ಒಳಗೆ ಮೂವರು ಯುವಕರ ಕೊಲೆ. ಇಬ್ಬರು ಮುಸ್ಲಿಮರು, ಒಬ್ಬರು ಹಿಂದೂ, ಬಿಜೆಪಿ ಯುವ ಮೋರ್ಚಾದವರು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹಿಂದೂ ಯುವಕನ ಮನೆಗೆ ಹೋಗಿ 25 ಲಕ್ಷದ ಚೆಕ್ ಕೊಟ್ಟರು. ಮಿಕ್ಕ ಇಬ್ಬರ ಮನೆಗೆ ಹೋಗಲಿಲ್ಲ. ಅವರ ಮನೆಗೆ ಸರ್ಕಾರದ 25 ಲಕ್ಷ ತಲುಪಿದ್ದು 2023ರ ಜೂನ್‌ನಲ್ಲಿ, ಸರ್ಕಾರ ಬದಲಾಗಿ ನಮ್ಮ ಮೈಸೂರಿನವರೇ ಆದ ಸಿದ್ದರಾಮಯ್ಯ ಬಂದ ಮೇಲೆ. ಅವತ್ತು ಒಟ್ಟು ನಾಲ್ಕು ಕುಟುಂಬಕ್ಕೆ ಕೊಟ್ಟರು. ಅದರಲ್ಲಿ 2018ರಲ್ಲಿ ಕೊಲೆಯಾದ ಒಬ್ಬ ಹಿಂದೂ ಯುವಕನ ಮನೆಯೂ ಇತ್ತು.

ಮೊತ್ತ ಒಂದೇ ನೋಡಿ, ರೂಪಾಯಿಗೆ ರೂಪಾಯಿ ತಾಳೆ ಆಗುತ್ತೆ. ತಾರೀಖು ತಾಳೆ ಆಗಲ್ಲ. ಅಕೌಂಟ್ಸಲ್ಲಿ ಒಂದು ಬಾಕಿಯನ್ನ ಯಾವ ತಾರೀಖಿಗೆ ಪುಸ್ತಕಕ್ಕೆ ತೆಗೆದುಕೊಂಡಿರಿ ಅನ್ನೋದೇ ಮುಖ್ಯ. ಜುಲೈ 2022ಕ್ಕೂ ಜೂನ್ 2023ಕ್ಕೂ ನಡುವೆ, ಆ ಇಬ್ಬರು ಹುಡುಗರು ಸರ್ಕಾರದ ಪುಸ್ತಕದಲ್ಲಿ ಸತ್ತಿರಲಿಲ್ಲ. ಮಿಕ್ಕವರ ಪ್ರಕಾರ ಅವರ ಸಾವು "ರಿಯಾಕ್ಷನ್". ಆ ಪದ ಆ ವರ್ಷ ಎಷ್ಟು ಸಲ ಕೇಳಿದೆವು ನೆನಪಿದೆಯಾ?

ಮೈಸೂರಿನ ಸುಬ್ಬರಾಯನಕೆರೆಯಲ್ಲಿ ಸ್ವಾತಂತ್ರ್ಯ ಹೋರಾಟಗಾರರ ಉದ್ಯಾನ ಇದೆ. ಚಳವಳಿಯ ಸಭೆಗಳು ಸೇರ್ತಿದ್ದ ಮೈದಾನ ಅದು. ರಾಮಸ್ವಾಮಿ ಸರ್ಕಲ್ಲಿಂದ ನಡೆದುಕೊಂಡೇ ಹೋಗಬಹುದು. ಆ ಕಾಲದಲ್ಲಿ ಹುಡುಗರಾಗಿದ್ದವರು ಈಗ ತೊಂಬತ್ತು ದಾಟಿದ್ದಾರೆ. ನಿಮ್ಮ ಮನೆಯಲ್ಲಿ ಅಜ್ಜಿಯೋ ತಾತನೋ ಇದ್ದರೆ ಒಂದು ಕೆಲಸ ಮಾಡಿ, ಫೋನಲ್ಲಿ ರೆಕಾರ್ಡ್ ಒತ್ತಿ, "ತಾತ, ಮೈಸೂರು ಚಲೋದಲ್ಲಿ ಏನಂತ ಕೂಗ್ತಿದ್ರಿ?" ಅಂತ ಕೇಳಿ. ಕಾಂಗ್ರೆಸ್ ಕಡೆಯವರಾದರೂ ಸರಿ, ಅರಮನೆಯಲ್ಲಿ ಕೆಲಸಕ್ಕಿದ್ದ ಮನೆಯವರಾದರೂ ಸರಿ. ಅರಮನೆ ಕಡೆಯವರ ಮಾತು ಎಲ್ಲೂ ಅಷ್ಟಾಗಿ ಕೇಳಿಸಲ್ಲ, ಅವರದ್ದು ನನಗೆ ಇನ್ನೂ ಬೇಕು. ತಿಂಗಳ ಸಂಬಳ ಅಲ್ಲಿಂದಲೇ ಬರ್ತಿತ್ತು, ಮಗ ಕಾಲೇಜಲ್ಲಿ ಬಾವುಟ ಹಿಡೀತಿದ್ದ ಅನ್ನೋ ಮನೆಗಳು ಈ ಊರಲ್ಲಿ ಇದ್ದೇ ಇದ್ದವು. ಆ ರಾತ್ರಿ ಊಟಕ್ಕೆ ಕೂತಾಗ ಏನು ಮಾತಾಡಿದರು ಅಂತ ಕೇಳಬೇಕು.

ವಾಯ್ಸ್ ನೋಟ್ ಎರಡು ನಿಮಿಷ ಇದ್ದರೆ ಸಾಕು. ಮುಂದಿನ ವಾರ ಶಿಕಾರಿಪುರದ ಈಸೂರಿಗೆ ಹೋಗೋಣ. 1942ರಲ್ಲಿ ತನ್ನನ್ನ ತಾನೇ ಸ್ವತಂತ್ರ ಅಂತ ಘೋಷಿಸಿಕೊಂಡ ಊರು. 1943ರ ಮಾರ್ಚ್‌ನಲ್ಲಿ ಅಲ್ಲಿನ ಐವರನ್ನು ಗಲ್ಲಿಗೇರಿಸಿದರು. ಆ ಗಲ್ಲಿನ ಆದೇಶ ಹೊರಟಿದ್ದು ಇದೇ ಮಾದರಿ ಸಂಸ್ಥಾನದಿಂದ.