ಕಾಲು ಚಾಚಿದಷ್ಟೂ ಉದ್ದವಾಗುವ ಹಾಸಿಗೆ



'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯನ್ನು ನಿಮ್ಮ ಅಜ್ಜಿಯ ಬಾಯಲ್ಲಿ ಒಮ್ಮೆಯಾದರೂ ಕೇಳಿರುತ್ತೀರಿ. ಕೈಯಲ್ಲಿರುವ ದುಡ್ಡು ನೋಡಿಕೊಂಡು ಖರ್ಚು ಮಾಡು ಎಂದು ಅದರ ಅರ್ಥ. ಆದರೆ ಕಾಲು ಚಾಚಿದಷ್ಟೂ ಹಾಸಿಗೆಯೇ ಉದ್ದವಾಗುತ್ತಾ ಹೋದರೆ? ಇಂದಿನ ಕ್ಲೌಡ್ ಕಂಪ್ಯೂಟಿಂಗ್ ಅಂಥ ಹಾಸಿಗೆ. ಕಾಲೇಜಿನ ಪ್ರಾಜೆಕ್ಟಿಗೋ ಹೊಸ ಆ್ಯಪ್‌ಗೋ ನಿಮ್ಮಲ್ಲಿ ಹಲವರು ಅದನ್ನು ಬಳಸುತ್ತೀರಿ. ತಿಂಗಳ ಕೊನೆಯ ಬಿಲ್ಲು ಮಾತ್ರ ಕೆಲವರ ಎದೆ ನಡುಗಿಸುತ್ತದೆ. ನಾನು ಓದಿದ್ದು ಕನ್ನಡ ಎಂ.ಎ., ಕಂಪ್ಯೂಟರ್ ಅಲ್ಲ. ಆದರೆ ಮನೆಯ ತಿಂಗಳ ಲೆಕ್ಕ ಬರೆಯುವವಳಾದ್ದರಿಂದ ಈ ಬಿಲ್ಲಿನ ಚರಿತ್ರೆ ನನ್ನ ಕುತೂಹಲ ಕೆರಳಿಸಿತು.

ಕಂಪ್ಯೂಟರನ್ನು ಬಾಡಿಗೆಗೆ ಪಡೆಯುವುದು ಹೊಸದೇನಲ್ಲ. 1959ರಲ್ಲಿ ಬಂದ ಐಬಿಎಂ 7090 ಯಂತ್ರದ ಬೆಲೆ ಸುಮಾರು 29 ಲಕ್ಷ ಡಾಲರ್. ತಿಂಗಳ ಬಾಡಿಗೆಯೇ ಸುಮಾರು 63,500 ಡಾಲರ್! ಇಂಥ ಯಂತ್ರ ಸುಮ್ಮನೆ ಕೂತರೆ ನಷ್ಟ. ಆದ್ದರಿಂದ ಬಳಸುವವರು ತೂತು ಹೊಡೆದ ಕಾರ್ಡುಗಳನ್ನು ಕೊಟ್ಟು, ಉತ್ತರಕ್ಕಾಗಿ ಗಂಟೆಗಟ್ಟಲೆ ಕಾಯುತ್ತಿದ್ದರು. ಆಗ ಯಂತ್ರದ ಸಮಯ ದುಬಾರಿ, ಮನುಷ್ಯರ ಸಮಯ ಅಗ್ಗ.

1961ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ಶತಮಾನೋತ್ಸವದಲ್ಲಿ ಜಾನ್ ಮೆಕಾರ್ಥಿ ಎಂಬ ವಿಜ್ಞಾನಿ ಒಂದು ಮಾತು ಹೇಳಿದರು. ಟೆಲಿಫೋನಿನಂತೆ ಕಂಪ್ಯೂಟರ್ ಕೂಡ ಒಂದು ದಿನ ಸಾರ್ವಜನಿಕ ಸೇವೆಯಾಗಬಹುದು, ಬಳಸಿದಷ್ಟಕ್ಕೆ ಹಣ ಕೊಟ್ಟರೆ ಸಾಕು ಎಂಬುದು ಅವರ ಕಲ್ಪನೆ. ಅದೇ ವರ್ಷ ಅಲ್ಲಿಯೇ ಫರ್ನಾಂಡೊ ಕೊರ್ಬಾಟೊ ಅವರ ತಂಡ ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯನ್ನು ಮಾಡಿ ತೋರಿಸಿತು. ಅದರ ಹೆಸರು ಸಿಟಿಎಸ್ಎಸ್. ಅದರಲ್ಲಿ ಪ್ರತಿಯೊಬ್ಬರಿಗೂ ಖಾತೆ, ಪಾಸ್‌ವರ್ಡ್, ಜೊತೆಗೆ ಇಷ್ಟೇ ಸಮಯ ಎಂಬ ಮಿತಿ ಇತ್ತು.

ಆ ಮಿತಿ ಎಷ್ಟು ಬಿಗಿಯಾಗಿತ್ತು ಗೊತ್ತೇ? ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ಸಿಕ್ಕಿದ್ದು ವಾರಕ್ಕೆ ನಾಲ್ಕೇ ಗಂಟೆ. ಅದು ಸಾಲದೆ 1962ರಲ್ಲಿ ಆತ ಎಲ್ಲರ ಪಾಸ್‌ವರ್ಡ್ ಇದ್ದ ಕಡತವನ್ನೇ ಮುದ್ರಿಸಿಕೊಂಡು ಬೇರೆಯವರ ಖಾತೆಯಲ್ಲಿ ಕೆಲಸ ಮಾಡಿದ! ಇದನ್ನು ಎಷ್ಟೋ ವರ್ಷಗಳ ನಂತರ ಅವರೇ ಹೇಳಿಕೊಂಡಿದ್ದಾರೆ. ಆತ ಕದ್ದಿದ್ದು ದುಡ್ಡಲ್ಲ, ಯಂತ್ರದ ಸಮಯ.

ಮುಂದೆ 1980ರ ದಶಕದಲ್ಲಿ ಕಂಪ್ಯೂಟರ್ ಮನೆಮನೆಗೆ ಬಂತು. ಒಮ್ಮೆ ಕೊಂಡರೆ ಮುಗಿಯಿತು, ರಾತ್ರಿಯೆಲ್ಲ ಓಡಿಸಿದರೂ ಕರೆಂಟ್ ಬಿಲ್ಲಷ್ಟೇ. ಮೀಟರ್ ಎಂಬುದು ಜನರ ಮನಸ್ಸಿನಿಂದಲೇ ಮಾಯವಾಯಿತು. ಕಂಪನಿಗಳು ಮಾತ್ರ ವರ್ಷದ ಅತಿ ಹೆಚ್ಚು ವ್ಯಾಪಾರದ ದಿನಕ್ಕೆ ಬೇಕಾಗುವಷ್ಟು ಸರ್ವರ್ ಕೊಂಡು ಇಟ್ಟುಕೊಳ್ಳಬೇಕಿತ್ತು. ಮೇಲಧಿಕಾರಿಗಳ ಸಹಿ ಬೀಳಲು ವಾರಗಳೇ ಹಿಡಿಯುತ್ತಿದ್ದವು. ಬೇಸರದ ಕೆಲಸ ನಿಜ, ಆದರೆ ಆ ಸಹಿಯೇ ಖರ್ಚಿಗೆ ಕಡಿವಾಣವಾಗಿತ್ತು.

2006ರಲ್ಲಿ ಆ ಕಡಿವಾಣ ಕಳಚಿತು. ಆ ಮಾರ್ಚ್‌ನಲ್ಲಿ ಅಮೆಜಾನ್ ಕಂಪನಿ ಒಂದು ಗಿಗಾಬೈಟ್ ಸಂಗ್ರಹಕ್ಕೆ ತಿಂಗಳಿಗೆ 15 ಸೆಂಟ್ ದರ ಇಟ್ಟಿತು. ಆಗಸ್ಟ್‌ನಲ್ಲಿ ಗಂಟೆಗೆ 10 ಸೆಂಟ್‌ಗೆ ಕಂಪ್ಯೂಟರನ್ನೇ ಬಾಡಿಗೆಗೆ ಕೊಡತೊಡಗಿತು. ಮರುವರ್ಷ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯವರು ತಮ್ಮ ಸುಮಾರು 1.1 ಕೋಟಿ ಹಳೆಯ ಲೇಖನಗಳನ್ನು ಪಿಡಿಎಫ್ ಮಾಡಲು ನೂರು ಯಂತ್ರಗಳನ್ನು ಪಡೆದರು. ಒಂದು ದಿನದೊಳಗೆ ಕೆಲಸ ಮುಗಿಯಿತು. ಗಂಟೆಗೆ 10 ಸೆಂಟ್‌ನಂತೆ ನೂರು ಯಂತ್ರಗಳಿಗೆ 24 ಗಂಟೆಯ ಬಾಡಿಗೆ 240 ಡಾಲರ್. ತಪ್ಪೊಂದು ಕಂಡಿದ್ದರಿಂದ ಇಡೀ ಕೆಲಸವನ್ನು ಎರಡನೇ ಸಲವೂ ಮಾಡಿದರು!

ಈಗ ಗಮನಿಸಿ. ಅದೇ ನೂರು ಯಂತ್ರಗಳನ್ನು ನಿಲ್ಲಿಸಲು ಯಾರಾದರೂ ಮರೆತು ಮೂವತ್ತು ದಿನ ಕಳೆದಿದ್ದರೆ ಬಿಲ್ಲು 7,200 ಡಾಲರ್. ಕ್ಲೌಡ್‌ನ ಲಾಭವೂ ಅಪಾಯವೂ ಇದೊಂದೇ ಲೆಕ್ಕದಲ್ಲಿದೆ.

ನಮ್ಮ ಊರುಗಳ ಕಿರಾಣಿ ಅಂಗಡಿಯಲ್ಲಿ ಉದ್ರಿ ಪುಸ್ತಕ ಇರುತ್ತಿತ್ತು. 'ಬರ್ಕೊಳ್ಳಿ' ಎಂದು ಹೇಳಿ ಸಾಮಾನು ತರುವುದು ಮಗ, ತಿಂಗಳ ಕೊನೆಗೆ ದುಡ್ಡು ಕೊಡುವುದು ಅಪ್ಪ. ಕ್ಲೌಡ್‌ನಲ್ಲೂ ಹೀಗೆಯೇ ಆಯಿತು. ಬಟನ್ ಒತ್ತುವವರು ಎಂಜಿನಿಯರುಗಳು, ಬಿಲ್ಲು ನೋಡುವವರು ಲೆಕ್ಕಪತ್ರ ವಿಭಾಗದವರು. ಇಬ್ಬರ ನಡುವೆ ಮಾತುಕತೆ ಇಲ್ಲ.

ನಂತರದ ಚರಿತ್ರೆಯೆಲ್ಲ ಈ ಕಂದಕ ಮುಚ್ಚುವ ಪ್ರಯತ್ನ. 2009ರಲ್ಲಿ, ಮೊದಲೇ ವರ್ಷಗಟ್ಟಲೆ ಒಪ್ಪಿಕೊಂಡವರಿಗೆ ಕಡಿಮೆ ದರ ಬಂತು. ಯಾರೂ ಬಳಸದೆ ಉಳಿದ ಯಂತ್ರಗಳನ್ನು ಅಗ್ಗಕ್ಕೆ ಕೊಡುವ ಪದ್ಧತಿಯೂ ಬಂತು. 2017ರಲ್ಲಿ ಅಮೆಜಾನ್ ಹಲವು ಯಂತ್ರಗಳಿಗೆ ಗಂಟೆಯ ಬದಲು ಸೆಕೆಂಡಿನ ಲೆಕ್ಕ ತಂದಿತು. ಡ್ರಾಪ್‌ಬಾಕ್ಸ್ ಕಂಪನಿ ತನ್ನ ಬಹುಪಾಲು ದತ್ತಾಂಶವನ್ನು ಸ್ವಂತ ಯಂತ್ರಗಳಿಗೆ ಸಾಗಿಸಿ, ಎರಡು ವರ್ಷಗಳಲ್ಲಿ ಸುಮಾರು 7.5 ಕೋಟಿ ಡಾಲರ್ ಖರ್ಚು ಇಳಿಸಿತು. ಅಷ್ಟು ದೊಡ್ಡ ಸಂಗ್ರಹ ಇದ್ದವರಿಗೆ ಸ್ವಂತ ಮನೆ ಲಾಭ, ಎಲ್ಲರಿಗೂ ಅಲ್ಲ. 2019ರಲ್ಲಿ ಫಿನ್‌ಆಪ್ಸ್ ಫೌಂಡೇಶನ್ ಹುಟ್ಟಿತು. ಎಂಜಿನಿಯರುಗಳನ್ನೂ ಲೆಕ್ಕದವರನ್ನೂ ಒಂದೇ ಮೇಜಿನ ಮುಂದೆ ಕೂರಿಸುವುದು ಅದರ ಉದ್ದೇಶ.

ನಿಮ್ಮ ವಿಷಯದಲ್ಲಿ ಮಗನೂ ನೀವೇ, ಅಪ್ಪನೂ ನೀವೇ. ಕೆಲವೊಮ್ಮೆ ಕಾರ್ಡ್ ಮಾತ್ರ ನಿಜವಾದ ಅಪ್ಪನದು! ಆದ್ದರಿಂದ ಖಾತೆ ತೆರೆದ ದಿನವೇ ಇಷ್ಟು ಡಾಲರ್ ದಾಟಿದರೆ ಎಚ್ಚರಿಸು ಎಂದು ಬಜೆಟ್ ಸೂಚನೆ ಹಾಕಿ. ಆದರೆ ನೆನಪಿರಲಿ, ಆ ಸೂಚನೆ ಸಾಮಾನ್ಯವಾಗಿ ಹೇಳುತ್ತದೆಯೇ ಹೊರತು ಯಂತ್ರವನ್ನು ತಾನಾಗಿ ನಿಲ್ಲಿಸುವುದಿಲ್ಲ. ಬಿಲ್ಲಿನ ಅಂಕಿಗಳೂ ಕೆಲವು ಗಂಟೆ ತಡವಾಗಿ ಬರುತ್ತವೆ. ಯಂತ್ರ ನಿಲ್ಲಿಸಿದರೂ ಅದರ ಡಿಸ್ಕಿಗೆ ಬಾಡಿಗೆ ಓಡುತ್ತಲೇ ಇರುತ್ತದೆ, ಬೇಡವಾದರೆ ಅಳಿಸಿ. ಪ್ರತಿಯೊಂದಕ್ಕೂ ಇದು ಯಾವ ಕೆಲಸದ್ದು ಎಂದು ಹೆಸರಿನ ಚೀಟಿ ಅಂಟಿಸಿ, ಅಡುಗೆಮನೆಯ ಡಬ್ಬಿಗಳಿಗೆ ಅಂಟಿಸುವ ಹಾಗೆ. ವಾರಕ್ಕೊಮ್ಮೆ ಐದು ನಿಮಿಷ ಲೆಕ್ಕ ನೋಡಿ.

ಶೆರ್ ಅವರ ಕಾಲದಲ್ಲಿ ಮಿತಿಯನ್ನು ಯಂತ್ರವೇ ಹಾಕುತ್ತಿತ್ತು. ಈಗ ಅದನ್ನು ನೀವು ಹಾಕಿಕೊಳ್ಳಬೇಕು. ಈ ವಾರಾಂತ್ಯ ನಿಮ್ಮ ಖಾತೆ ತೆರೆದು, ಯಾವ ಯಂತ್ರ ಯಾರಿಗೂ ಬೇಡವಾಗಿ ಓಡುತ್ತಿದೆ ಎಂದು ಒಮ್ಮೆ ನೋಡುತ್ತೀರಲ್ಲವೇ?