ಖಾಲಿ ಬಿಟ್ಟ ಸ್ಲಾಟ್

ದಾವಣಗೆರೆಯ ನನ್ನ ಅಂಗಡಿಯಿಂದ ಮನೆಗಳಿಗೆ ಹೋದ ಆಟದ ಕಂಪ್ಯೂಟರುಗಳಲ್ಲಿ ಮುಕ್ಕಾಲು ಪಾಲು ‘ಮಗನ ಓದಿಗೆ’ ಎಂದೇ ಹೋದವು. ತೊಂಬತ್ತರ ದಶಕದ ಕೊನೆಯಲ್ಲಿ ಅಸೆಂಬಲ್ ಮಾಡಿಸಿದರೂ ಒಂದು ಕಂಪ್ಯೂಟರಿಗೆ ಮೂವತ್ತು ಸಾವಿರ ದಾಟುತ್ತಿತ್ತು. ನೌಕರಿಯ ಮನೆಗೂ ಅದು ಎಷ್ಟೋ ತಿಂಗಳ ಉಳಿತಾಯ. ಅಪ್ಪ ಕೌಂಟರಿನ ಮುಂದೆ ಕೂತು, “ಓದೋಕೆ ಬೇಕು ರೀ, ಆಟ ಆಡೋಕಲ್ಲ” ಅನ್ನುತ್ತಿದ್ದರು. ಅವರು ನೋಟು ಎಣಿಸುವಾಗ ಹಿಂದೆ ನಿಂತ ಮಗ ಮೆಲ್ಲಗೆ, “ಅಂಕಲ್, ಎಜಿಪಿ ಸ್ಲಾಟ್ ಇರೋ ಬೋರ್ಡೇ ಹಾಕಿ” ಅನ್ನುತ್ತಿದ್ದ. ಹುಡುಗ ಕೇಳುತ್ತಿದ್ದುದು ಗ್ರಾಫಿಕ್ಸ್ ಕಾರ್ಡನ್ನಲ್ಲ, ಮುಂದೊಂದು ದಿನ ಅದನ್ನು ಕೂರಿಸುವ ಜಾಗವನ್ನು. ಕಡಿಮೆ ದುಡ್ಡಿನಲ್ಲಿ ಆಟದ ಕಂಪ್ಯೂಟರ್ ಕಟ್ಟುವ ವಿದ್ಯೆ ಅಂದಿನಿಂದ ಇಂದಿನವರೆಗೂ ಅದೇ: ಇವತ್ತು ಯಾವುದನ್ನು ಕೊಳ್ಳದೆ ಬಿಡಬಹುದು, ಯಾವುದರ ಬಾಗಿಲು ಮುಚ್ಚಬಾರದು.

ಸಾಮಾನಿಗೆ ನಾನು ರಾತ್ರಿ ಬಸ್ಸು ಹತ್ತಿ, ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಇಳಿದು, ಚಿಕ್ಕಪೇಟೆ ಹಾದು ಎಸ್.ಪಿ. ರೋಡಿಗೆ ನಡೆಯುತ್ತಿದ್ದೆ. ದೆಹಲಿಗೆ ನೆಹರೂ ಪ್ಲೇಸ್, ಮುಂಬೈಗೆ ಲ್ಯಾಮಿಂಗ್ಟನ್ ರೋಡ್, ಚೆನ್ನೈಗೆ ರಿಚಿ ಸ್ಟ್ರೀಟ್ ಹೇಗೋ ನಮಗೆ ಆ ಇಕ್ಕಟ್ಟಿನ ಬೀದಿ ಹಾಗೆ. ಮೊದಲ ಅಂಗಡಿಯಲ್ಲಿ ಕೊಟೇಶನ್ ಚೀಟಿ ಬರೆಸಿಕೊಳ್ಳುವುದು ಅಲ್ಲಿನ ಪದ್ಧತಿ. ಪ್ರೊಸೆಸರ್, ಬೋರ್ಡ್, ರ‍್ಯಾಮ್, ಹಾರ್ಡ್ ಡಿಸ್ಕ್, ಕ್ಯಾಬಿನೆಟ್, ಮಾನಿಟರ್ ಎಂದು ಸಾಲಾಗಿ ಬರೆದು, ಎದುರಿಗೆ ರೇಟು ಹಾಕಿಕೊಡುತ್ತಿದ್ದರು. ಆ ಚೀಟಿ ಹಿಡಿದು ಎರಡನೇ ಅಂಗಡಿಗೆ, ಅಲ್ಲಿಂದ ಮೂರನೆಯದಕ್ಕೆ. ಒಂದೊಂದರಲ್ಲಿ ನೂರೋ ಇನ್ನೂರೋ ಇಳಿಯುತ್ತಿತ್ತು. ಪ್ರತಿ ಬಿಡಿಭಾಗದ ಮೇಲೂ ತಿಂಗಳು, ವರ್ಷ ಅಚ್ಚಾದ ಪುಟ್ಟ ಸ್ಟಿಕ್ಕರ್ ಅಂಟಿಸಿ ಪೆನ್ನಿನಲ್ಲಿ ಗುರುತು ಹಾಕುತ್ತಿದ್ದರು. ಸ್ಟಿಕ್ಕರ್ ಹರಿದರೆ ವಾರಂಟಿ ಮುಗಿದ ಹಾಗೆ.

ಕಟ್ಟುವ ಕೆಲಸ ಆಗ ಕೈಗೆ ಬಿಟ್ಟದ್ದು. ಹಳೆಯ ಎಟಿ ಬೋರ್ಡುಗಳಿಗೆ ಕರೆಂಟ್ ಕೊಡಲು ಎಸ್‌ಎಂಪಿಎಸ್‌ನಿಂದ ಎರಡು ಬೇರೆ ಬೇರೆ ಕನೆಕ್ಟರುಗಳು ಬರುತ್ತಿದ್ದವು. ನೋಡಲು ಎರಡೂ ಒಂದೇ ಥರ. ಎರಡರ ಕಪ್ಪು ತಂತಿಗಳೂ ನಡುವೆ ಅಕ್ಕಪಕ್ಕ ಬರಬೇಕು. ಅದಲುಬದಲಾದರೆ ಸ್ವಿಚ್ ಒತ್ತಿದ ಕ್ಷಣ ಬೋರ್ಡು ಸುಡುತ್ತದೆ. ‘ಕಪ್ಪಿಗೆ ಕಪ್ಪು’ ಎಂಬುದು ಕೆಲಸಕ್ಕೆ ಸೇರಿದ ಹುಡುಗರಿಗೆ ನಾನು ಕಲಿಸುತ್ತಿದ್ದ ಮೊದಲ ಪಾಠ. ಇಂಟೆಲ್ 1995ರಲ್ಲಿ ತಂದ ಎಟಿಎಕ್ಸ್ ಮಾದರಿಯಲ್ಲಿ ಒಂದೇ ಕನೆಕ್ಟರ್ ಬಂತು, ಅದೂ ಒಂದೇ ದಿಕ್ಕಿನಲ್ಲಿ ಕೂರುವಂಥದ್ದು. ಇವತ್ತು ಮನೆಯಲ್ಲಿ ಹುಡುಗರೇ ಕಂಪ್ಯೂಟರ್ ಜೋಡಿಸುತ್ತಾರೆಂದರೆ ಅದರ ಹಿಂದೆ ಈ ಬದಲಾವಣೆಯ ಪಾಲು ದೊಡ್ಡದು.

ಪ್ರಿನ್ಸ್ ಆಫ್ ಪರ್ಷಿಯಾ, ಡೇಂಜರಸ್ ಡೇವ್ ಕಾಲದಲ್ಲಿ ಯಾವ ಪ್ರೊಸೆಸರ್ ಆದರೂ ನಡೆಯುತ್ತಿತ್ತು. 1996ರಲ್ಲಿ ಕ್ವೇಕ್ ಬಂದು ಲೆಕ್ಕ ಬದಲಾಯಿಸಿತು. ಅದು ದಶಾಂಶದ ಲೆಕ್ಕಗಳನ್ನು ವಿಪರೀತ ಮಾಡಿಸುವ ಆಟ. ಆಫೀಸ್ ಕೆಲಸದಲ್ಲಿ ಪೆಂಟಿಯಮ್‌ಗೆ ಸರಿಸಮನಾಗಿ ನಿಂತ, ಬೆಲೆಯಲ್ಲಿ ಅಗ್ಗವಾಗಿದ್ದ ಸೈರಿಕ್ಸ್ ಪ್ರೊಸೆಸರುಗಳು ಕ್ವೇಕ್ ಮುಂದೆ ತೆವಳಿದವು. ‘ಫಾಸ್ಟ್ ಕಂಪ್ಯೂಟರ್’ ಬೇರೆ, ಆಟಕ್ಕೆ ಫಾಸ್ಟ್ ಬೇರೆ ಎಂದು ಮೊದಲು ಗೊತ್ತಾದದ್ದು ಆಗ.

ಆಮೇಲೆ ಬಂತು ನನ್ನ ವೃತ್ತಿಯ ಅತ್ಯಂತ ಸಂತೋಷದ ಕಾಲ. 1998ರ ಆಗಸ್ಟ್‌ನಲ್ಲಿ ಇಂಟೆಲ್ ಸೆಲೆರಾನ್ 300ಎ ಬಿಡುಗಡೆ ಮಾಡಿತು. ಬೋರ್ಡಿಗೂ ಪ್ರೊಸೆಸರಿಗೂ ನಡುವಿನ 66 ಮೆಗಾಹರ್ಟ್ಸ್ ಬಸ್ಸಿನ ನಾಲ್ಕೂವರೆ ಪಟ್ಟು, ಅಂದರೆ 300 ಮೆಗಾಹರ್ಟ್ಸ್ ವೇಗದ ಪ್ರೊಸೆಸರ್. ಬಸ್ಸನ್ನು 100ಕ್ಕೆ ಏರಿಸಿದರೆ ಅದೇ ಚಿಪ್ಪು 450ರಲ್ಲಿ ಓಡುತ್ತಿತ್ತು. ಹಲವು ಪಟ್ಟು ದುಬಾರಿಯಾದ ಪೆಂಟಿಯಮ್-2ರ ಆಗಿನ ಗರಿಷ್ಠ ವೇಗವೂ ಅಷ್ಟೇ. ಒಳಗಿದ್ದ ಕ್ಯಾಶ್ 128 ಕೆಬಿ ಮಾತ್ರ, ಆದರೆ ಅದು ಪ್ರೊಸೆಸರಿನ ಪೂರ್ತಿ ವೇಗದಲ್ಲಿ ನಡೆಯುತ್ತಿತ್ತು. ಪೆಂಟಿಯಮ್-2ರ 512 ಕೆಬಿ ಕ್ಯಾಶ್ ಅರ್ಧ ವೇಗದ್ದು. ವೇಗ ಏರಿಸುವ ಆಯ್ಕೆ ಇಲ್ಲದ ಬೋರ್ಡುಗಳಿಗೂ ಉಪಾಯವಿತ್ತು. ಸ್ಲಾಟಿಗೆ ಕೂರುವ ಪ್ರೊಸೆಸರ್ ಕಾರ್ಡಿನ ಅಂಚಿನಲ್ಲಿ ಬಿ21 ಎಂಬ ಒಂದು ಪಿನ್ ಇರುತ್ತದೆ. ಅದೊಂದರ ಮೇಲೆ ಮಾತ್ರ ಕೂರುವಷ್ಟು ಟೇಪನ್ನು ಬ್ಲೇಡಿನಲ್ಲಿ ಸೀಳಿ, ಚಿಮಟಿಗೆಯಲ್ಲಿ ಹಿಡಿದು ಅಂಟಿಸಿದರೆ ಬೋರ್ಡು ಇದನ್ನು 100ರ ಪ್ರೊಸೆಸರ್ ಎಂದೇ ತಿಳಿಯುತ್ತಿತ್ತು. ಎಲ್ಲ ಚಿಪ್ಪುಗಳೂ ಒಪ್ಪುತ್ತಿರಲಿಲ್ಲ. ಒಪ್ಪಿದ ಮನೆಯ ಹುಡುಗನ ಮುಖವನ್ನು ನೋಡಬೇಕಿತ್ತು.

ಮರುವರ್ಷವೇ ಕಾರ್ಡು ಕೂರಿಸುವ ಬಾಗಿಲು ಅರ್ಧ ಮುಚ್ಚಿತು. 1999ರ ಇಂಟೆಲ್ 810 ಚಿಪ್‌ಸೆಟ್ ಗ್ರಾಫಿಕ್ಸನ್ನು ಬೋರ್ಡಿನಲ್ಲೇ ಸೇರಿಸಿಕೊಂಡಿತು, ಬೆಲೆ ಇಳಿಯಿತು, ಎಜಿಪಿ ಸ್ಲಾಟ್ ಮಾಯವಾಯಿತು. ಮುಂದೆ 845ಜಿಎಲ್, 845ಜಿವಿ ಬೋರ್ಡುಗಳಲ್ಲೂ ಅದೇ ಕಥೆ. ಕಂಪ್ಯೂಟರ್ ಮಧ್ಯಮ ವರ್ಗದ ಮನೆಗೆ ಬಂದದ್ದು ಇಂಥ ಬೋರ್ಡುಗಳಿಂದಲೇ, ಅದನ್ನು ನಾನು ಮರೆಯುವುದಿಲ್ಲ. ಆದರೂ ಉಳಿಸಿದ ಸ್ವಲ್ಪ ಹಣಕ್ಕೆ ಹುಡುಗರು ತೆತ್ತ ಬೆಲೆ ಹೆಚ್ಚಾಯಿತು ಎಂದೇ ನನ್ನ ಅಭಿಪ್ರಾಯ. ಮೂರು ವರ್ಷ ದುಡ್ಡು ಕೂಡಿಟ್ಟು ಕಾರ್ಡು ಕೊಳ್ಳಲು ಬಂದವನಿಗೆ, “ಇದರಲ್ಲಿ ಕೂರೋ ಜಾಗಾನೇ ಇಲ್ಲಪ್ಪ” ಎಂದು ಹೇಳುವುದಿದೆಯಲ್ಲ, ಆ ಮಾತಿನ ಭಾರ ಹೇಳಿದವರಿಗೇ ಗೊತ್ತು.

ಹೆಸರು ನೋಡಿ ಕೊಂಡವರಿಗೂ ಪೆಟ್ಟು ಬಿತ್ತು. 2002ರ ಜೀಫೋರ್ಸ್4 ಎಂಎಕ್ಸ್ 440 ನಮ್ಮಲ್ಲಿ ಬಹಳ ಓಡಿದ ಕಾರ್ಡು. ನಾಲ್ಕನೇ ಪೀಳಿಗೆಯ ಹೆಸರಿದ್ದರೂ ಒಳಗಿನ ತಿರುಳು ಜೀಫೋರ್ಸ್2ರದ್ದು. ಜೀಫೋರ್ಸ್3ರಲ್ಲೇ ಬಂದಿದ್ದ ಪಿಕ್ಸೆಲ್ ಶೇಡರ್ ಅದರಲ್ಲಿರಲಿಲ್ಲ. 2003ರ ಕೊನೆಗೆ ಪ್ರಿನ್ಸ್ ಆಫ್ ಪರ್ಷಿಯಾದ ‘ಸ್ಯಾಂಡ್ಸ್ ಆಫ್ ಟೈಮ್’ ಬಂದಾಗ ಆ ಕಾರ್ಡಿನಲ್ಲಿ ಆಟ ಶುರುವಾಗಲೇ ಇಲ್ಲ. ಅಂದಿನಿಂದ ಹೆಸರಿನ ಮುಂದಿನ ಅಂಕಿ ಬಿಟ್ಟು ಒಳಗಿನ ಚಿಪ್ಪು ಯಾವುದೆಂದು ಕೇಳುವುದನ್ನು ಗಿರಾಕಿಗಳಿಗೆ ಕಲಿಸಿದೆ.

ಎಸ್‌ಎಂಪಿಎಸ್ ವಿಷಯದಲ್ಲಿ ಮಾತ್ರ ನಾನು ಜಗಳಕ್ಕೂ ಸಿದ್ಧ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಡಬ್ಬಿಗೆ 450 ವ್ಯಾಟ್ ಎಂಬ ಚೀಟಿ ಅಂಟಿರುತ್ತಿತ್ತು. ಕೈಯಲ್ಲಿ ಹಿಡಿದರೆ ಹಗುರ, ಒಳಗೆ ಬೇಕಾದ ಸಾಮಾನೇ ಇಲ್ಲ. ಬೇಸಿಗೆಯ ಲೋಡ್‌ಶೆಡ್ಡಿಂಗ್, ಏರಿಳಿಯುವ ವೋಲ್ಟೇಜ್ ನಡುವೆ ಅದು ಹೋಗುವಾಗ ಬೋರ್ಡನ್ನೂ ಕರೆದುಕೊಂಡು ಹೋಗುತ್ತಿತ್ತು. 2014ರಲ್ಲಿ ಜಿಟಿಎಕ್ಸ್ 750 ಟಿಐ ಬಂದಾಗ ನಾನು ನಿಟ್ಟುಸಿರು ಬಿಟ್ಟದ್ದು ಅದಕ್ಕೇ. 60 ವ್ಯಾಟಿನ ಆ ಕಾರ್ಡು ಸ್ಲಾಟಿನಿಂದಲೇ ಕರೆಂಟ್ ತೆಗೆದುಕೊಳ್ಳುತ್ತಿತ್ತು, ಬೇರೆ ತಂತಿ ಬೇಕಿರಲಿಲ್ಲ. ಆಫೀಸುಗಳು ಮಾರಿದ ಹಳೆಯ ಕಂಪ್ಯೂಟರಿಗೆ ಇದನ್ನು ಸಿಕ್ಕಿಸಿ ಎಷ್ಟೋ ಬಡ ಹುಡುಗರಿಗೆ ಕೊಟ್ಟೆ.

2017ರ ನಂತರ ಇಥೀರಿಯಂ ಮೈನಿಂಗ್ ಮಾಡುವವರು ಕಾರ್ಡುಗಳನ್ನು ಬಾಚಿಕೊಂಡರು. 2021ರಲ್ಲಂತೂ ನಮ್ಮ ಗಿರಾಕಿಗಳು ಕಾರ್ಡಿನ ರೇಟು ಕೇಳುವುದನ್ನೇ ಬಿಟ್ಟರು. ಆ ಬರಗಾಲದಲ್ಲಿ ಕೈ ಹಿಡಿದದ್ದು ಎಎಂಡಿ. 2018ರ ಫೆಬ್ರುವರಿಯಲ್ಲಿ ಬಂದ ರೈಜನ್ 3 2200ಜಿ ಹತ್ತು ಸಾವಿರದೊಳಗೆ ಸಿಗುತ್ತಿತ್ತು, ವೇಗಾ 8 ಗ್ರಾಫಿಕ್ಸ್ ಒಳಗೇ ಇತ್ತು. ಅದು ರ‍್ಯಾಮನ್ನೇ ಹಂಚಿಕೊಂಡು ಬಳಸುವುದರಿಂದ 8 ಜಿಬಿಯ ಒಂದು ಕಡ್ಡಿಯ ಬದಲು 4 ಜಿಬಿಯ ಎರಡನ್ನು ಹಾಕಿದರೆ ಆಟ ಎದ್ದು ಕಾಣುವಷ್ಟು ಸಲೀಸಾಗುತ್ತದೆ.

ಅದಕ್ಕೆ ಜೊತೆಯಾದ ಎಎಂ4 ಸಾಕೆಟ್ ಇನ್ನೂ ದೊಡ್ಡ ಉಪಕಾರ ಮಾಡಿತು. ಆಗ ಕೊಂಡ ಬೋರ್ಡುಗಳಲ್ಲಿ ಬಯಾಸ್ ಅಪ್‌ಡೇಟ್ ಮಾಡಿ 5000 ಸರಣಿಯ ಪ್ರೊಸೆಸರುಗಳನ್ನೂ ಕೂರಿಸಬಹುದು. 2018ರಲ್ಲಿ ನಾನು 2200ಜಿ, ಬಿ450 ಬೋರ್ಡು, ಒಳ್ಳೆಯ ಎಸ್‌ಎಂಪಿಎಸ್ ಹಾಕಿ ಕೊಟ್ಟ ಒಂದು ಮನೆಯಲ್ಲಿ ಈಗ ಅದೇ ಬೋರ್ಡಿನ ಮೇಲೆ ರೈಜನ್ 5 5600 ಇದೆ. ಮೈನಿಂಗ್ ಭರಾಟೆ ಇಳಿದ ಮೇಲೆ, ಅಷ್ಟು ದಿನ ಖಾಲಿ ಇದ್ದ ಸ್ಲಾಟಿಗೆ ಆರ್‌ಎಕ್ಸ್ 6600 ಬಂತು. ಆ ಮನೆಯ ಹುಡುಗ ಈಗ ಇಂಜಿನಿಯರಿಂಗ್ ಮುಗಿಸಿದ್ದಾನೆ, ಕಂಪ್ಯೂಟರ್ ತಂಗಿಯದಾಗಿದೆ. ಮುಂದಿನ ಸಲ ಮಾನಿಟರ್ ಬದಲಾಯಿಸಬೇಕಂತೆ. ಅದರ ಕೊಟೇಶನ್ ಚೀಟಿ ಬರೆಸಿಕೊಂಡು ಹೋಗಲು ಅವಳೇ ಬಂದಿದ್ದಳು.