ವಚನ ರೂಪುಗೊಂಡ ಬಗೆ: ಕಾಯಕ, ಮಾತು, ಅಂಕಿತ

ಹನ್ನೆರಡನೆಯ ಶತಮಾನದ ಶರಣರಿಗೆ ಹಿಂದಿನ ಕನ್ನಡ ಕಾವ್ಯವು ಬಹುಮಟ್ಟಿಗೆ ಚಂಪೂ ಮಾರ್ಗದ್ದು. ವೃತ್ತ, ಕಂದ, ಪ್ರಾಸಗಳ ನಿಯಮವನ್ನರಿತ ಪಂಡಿತಕವಿ, ಆತನಿಗೆ ಆಶ್ರಯವಿತ್ತ ಅರಸು, ಪುರಾಣದಿಂದಲೋ ಇತಿಹಾಸದಿಂದಲೋ ಆಯ್ದ ಕಥಾವಸ್ತು, ಇವು ಅದರ ಆಧಾರಗಳು. ವಚನಕ್ಕೆ ಇವಾವುವೂ ಬೇಕಾಗಲಿಲ್ಲ. ತಾಳಮಾನಗಳ ಲೆಕ್ಕ ತಮಗೆ ತಿಳಿಯದೆಂದು ಬಸವಣ್ಣನವರೇ ಒಂದು ವಚನದಲ್ಲಿ ಹೇಳಿಕೊಂಡಿದ್ದಾರೆ. ಅದನ್ನು ಅಜ್ಞಾನದ ಒಪ್ಪಿಗೆ ಎಂದು ಓದಬಾರದು. ಹಳೆಯ ಕಟ್ಟನ್ನು ಬೇಕೆಂದೇ ಬಿಟ್ಟವರ ಮಾತು ಅದು.

ಹಾಗಾದರೆ ವಚನದ ಸ್ಫೂರ್ತಿ ಎಲ್ಲಿಯದು? ಹೆಚ್ಚಿನ ಶರಣರ ವಿಷಯದಲ್ಲಿ ಅದು ನಿತ್ಯದ ಕಾಯಕ. ನೇಯ್ಗೆಯ ಜೇಡರ ದಾಸಿಮಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ ಇವರ ಹೆಸರಿನಲ್ಲಿಯೇ ಕೈಕೆಲಸವಿದೆ. ಅಕ್ಕಿ ಆಯುವ ಕಾಯಕದ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಹಿಂದಿರುಗಿಸಿ ಬರುವಂತೆ ಪತ್ನಿ ಲಕ್ಕಮ್ಮನವರು ಹೇಳಿದ ಪ್ರಸಂಗ ಸುಪ್ರಸಿದ್ಧ. ಆಸೆ ಮತ್ತು ದಾಸೋಹಗಳ ಕುರಿತ ಆಕೆಯ ವಿಚಾರವು ಒಲೆಯ ಮುಂದಿನ ಆ ಲೆಕ್ಕದಿಂದಲೇ ಬೆಳೆಯುತ್ತದೆ.

ವಚನದ ಕಟ್ಟು ಸಡಿಲವೆಂಬ ಭಾವನೆ ಸಾಮಾನ್ಯ. ಗಮನಿಸಿ ಓದಿದರೆ ಅದು ತಪ್ಪೆಂದು ತಿಳಿಯುತ್ತದೆ. ಕಣ್ಣೆದುರಿನ ಒಂದು ವಸ್ತುವಿನಿಂದ ಮಾತು ಆರಂಭವಾಗುತ್ತದೆ. ಅದೇ ವಾಕ್ಯರಚನೆ ಎರಡು ಮೂರು ಬಾರಿ ಬೇರೆ ಬೇರೆ ಹೋಲಿಕೆಗಳೊಡನೆ ಮರಳುತ್ತದೆ. ಕೇಳುಗನು ಮುಂದಿನ ಹೋಲಿಕೆಯನ್ನು ನಿರೀಕ್ಷಿಸುತ್ತಿರುವಾಗ ಮಾತು ಥಟ್ಟನೆ ಒಳಕ್ಕೆ, ಮನಸ್ಸಿನ ಕಡೆಗೆ ತಿರುಗುತ್ತದೆ. ಛಂದಸ್ಸು ಮಾಡಬೇಕಾದ ಕೆಲಸವನ್ನು ಇಲ್ಲಿ ಈ ಆವರ್ತನೆ ಮಾಡುತ್ತದೆ. ಅಲ್ಲಮಪ್ರಭುಗಳ ಬೆಡಗಿನ ವಚನಗಳ ದಾರಿಯೇ ಬೇರೆ. ಒಗಟಿನಂತಿರುವ ಅವುಗಳಿಗೆ ನಂತರದವರು ಟೀಕೆಗಳನ್ನೇ ಬರೆಯಬೇಕಾಯಿತು.

ಕೊನೆಗೆ ಬರುವುದು ಅಂಕಿತ. ಬಸವಣ್ಣನವರಿಗೆ ಕೂಡಲಸಂಗಮದೇವ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ, ಅಲ್ಲಮರಿಗೆ ಗುಹೇಶ್ವರ. ಚೌಡಯ್ಯನವರು ಮಾತ್ರ ತಮ್ಮ ಹೆಸರನ್ನೇ ಅಂಕಿತವಾಗಿಸಿಕೊಂಡರು. ಅವರ ನಿಷ್ಠುರ ಸ್ವಭಾವಕ್ಕೆ ಅದು ಒಪ್ಪುತ್ತದೆ. ಸೂಳೆ ಸಂಕವ್ವೆಯ ಒಂದೇ ವಚನ ನಮಗೆ ದೊರೆತಿದೆ. ನಿರ್ಲಜ್ಜೇಶ್ವರ ಎಂಬ ಅಂಕಿತವೂ ಅಳಿದಿದ್ದರೆ ಆ ಧ್ವನಿ ಯಾರದೆಂದು ಗುರುತಿಸುವುದೇ ಕಷ್ಟವಾಗುತ್ತಿತ್ತು. ಇಂದು ಗೋಡೆಬರಹಗಳಲ್ಲಿಯೂ ಮೊಬೈಲ್ ಸಂದೇಶಗಳಲ್ಲಿಯೂ ಅಂಕಿತವನ್ನು ಕತ್ತರಿಸಿ, ಸಿಕ್ಕ ಸಾಲನ್ನೆಲ್ಲ ಬಸವಣ್ಣನವರದೆಂದು ಹಂಚುವವರು ಇದನ್ನು ನೆನೆಯಬೇಕು.

ಇನ್ನೊಂದು ಎಚ್ಚರವೂ ಅಗತ್ಯ. ಯಾವ ವಚನ ಯಾವ ಸಂದರ್ಭದಲ್ಲಿ ಹುಟ್ಟಿತೆಂದು ನಾವು ಹೇಳುವುದು ಬಹುಪಾಲು ಶೂನ್ಯಸಂಪಾದನೆಯನ್ನು ಅನುಸರಿಸಿ. ಅದನ್ನು ಮೊದಲು ಸಂಕಲಿಸಿದ ಶಿವಗಣಪ್ರಸಾದಿ ಮಹಾದೇವಯ್ಯನವರು ಹದಿನೈದನೆಯ ಶತಮಾನದವರು. ಬಿಡಿ ವಚನಗಳನ್ನು ಪ್ರಶ್ನೋತ್ತರವಾಗಿ ಜೋಡಿಸಿದ್ದು ಅವರ ಪ್ರತಿಭೆ. ಆದ್ದರಿಂದ ಅಲ್ಲಿನ ಅಕ್ಕ–ಅಲ್ಲಮರ ಸಂವಾದವನ್ನು ಅನುಭವಮಂಟಪದಲ್ಲಿ ಕುಳಿತು ಬರೆದುಕೊಂಡ ವರದಿಯೆಂದು ಭಾವಿಸಲಾಗದು. ಫ. ಗು. ಹಳಕಟ್ಟಿಯವರು ತಾಳೆಗರಿಗಳನ್ನು ಶೋಧಿಸಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದ ಮೇಲೆ, ವಚನಗಳನ್ನು ಬಿಡಿಬಿಡಿಯಾಗಿ ಓದುವ ಅವಕಾಶ ಸಾಮಾನ್ಯ ಓದುಗರಿಗೂ ದೊರೆಯಿತು.